ಸೊಪ್ಪಿನಮ್ಮನ ಅಂಚೆ

"ಮಾರಣ್ಣ, ಈ ಕಾಡಿನಾಗೆ ನುಗ್ಗೆ ಮರ ಎಲ್ಲಾದ್ರೂ ಕಂಡಿಯೇನು?"

ಉಜ್ಜನಪ್ಪನವರು ಕುಕ್ಕರುಗಾಲಲ್ಲಿ ಕೂತು ಸೊಪ್ಪಿನ ಗುಡ್ಡೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದರು. ನಾನು ಅಂಗಾಲಿಗೆ ಹೊಕ್ಕ ಜಾಲಿ ಮುಳ್ಳು ಕೀಳುತ್ತಿದ್ದೆ. ಹರಿಹರದಲ್ಲಿ ನನ್ನದೊಂದು ಸೈಕಲ್ ಶಾಪು. ಬಾಡಿಗೆ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರುವ ಮನುಷ್ಯನನ್ನು ಬೆಳಗಿನಿಂದ ಹೊಳೆದಂಡೆಯ ಕುರುಚಲು ಕಾಡಿನಲ್ಲಿ ನಡೆಸಿ ನಡೆಸಿ, ಈಗ ನುಗ್ಗೆ ಮರ ಬೇರೆ ಕೇಳುತ್ತಿದ್ದಾರಲ್ಲ ಎಂದು ನನಗೆ ಉರಿದುಹೋಯಿತು. ಕಾಡಿನಲ್ಲಿ ನುಗ್ಗೆ ಎಲ್ಲಿಂದ ಬರಬೇಕು, ಅದು ಹಿತ್ತಲ ಗಿಡ ಎಂದೆ.

ಅವರು ಚಿಟಿಕೆ ನಸ್ಯ ಏರಿಸಿ ಹಸನ್ಮುಖರಾದರು. ಮೂವತ್ತು ವರ್ಷ ಪೊಲೀಸ್ ಖಾತೆಯಲ್ಲಿ ಸವೆದು, ನಿವೃತ್ತಿಯಾದ ಮೇಲೂ ಊರವರ ತಾಪತ್ರಯಗಳನ್ನು ತಲೆಗೆ ಹಚ್ಚಿಕೊಂಡು ದಾವಣಗೆರೆಯಲ್ಲಿ ಆರಾಮವಾಗಿರುವ ಈ ಮನುಷ್ಯ ಹಾಗೆ ನಕ್ಕರೆಂದರೆ ಏನೋ ಸಿಕ್ಕಿದೆಯೆಂದೇ ಅರ್ಥ.

ನಾವು ಹುಡುಕುತ್ತಿದ್ದದ್ದು ಗೋಣೆಪ್ಪನನ್ನು, ಇಲ್ಲವೇ ಗೋಣೆಪ್ಪನ ಹೆಣವನ್ನು. ಹೋದ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ದೇವರ ದರ್ಶನಕ್ಕೆಂದು ಅಣ್ಣ ತಮ್ಮ ಇಬ್ಬರೂ ಇದೇ ಕಾಲುದಾರಿ ಹಿಡಿದು ಹೊರಟಿದ್ದರು. ತಮ್ಮ ಕಲ್ಲಪ್ಪ ಒಬ್ಬನೇ ವಾಪಸ್ಸು ಬಂದ. ದಾರಿಯಲ್ಲಿ ಅವರಿಬ್ಬರೂ ಜಗಳವಾಡಿದ್ದನ್ನು ಕೇಳಿದವರಿದ್ದರು. ಹೊಳೆಯ ದಂಡೆಯಲ್ಲಿ ಗೋಣೆಪ್ಪನ ಕರಿ ಕಂಬಳಿ ಸಿಕ್ಕಿತು, ಅದರ ತುಂಬ ರಕ್ತ. ಇಷ್ಟಾದ ಮೇಲೆ ಪೊಲೀಸರು ಕಲ್ಲಪ್ಪನನ್ನು ಒಳಗೆ ಹಾಕಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ತಪ್ಪು ಕಲ್ಲಪ್ಪನದೇ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿಯುವ ಆ ಹುಡುಗ ಲಾಕಪ್ಪಿನಲ್ಲಿ ಕೂತು ಕೂತು ಮಂಕಾಗಿಬಿಟ್ಟಿದ್ದ. ಜಗಳವಾಡಿ ಅಣ್ಣನನ್ನು ನಡುದಾರಿಯಲ್ಲಿ ಬಿಟ್ಟು ಬಂದೆ, ಅವನು ಸತ್ತದ್ದು ನನ್ನಿಂದಲೇ, ಸೋಮವಾರ ಕೋರ್ಟಿನಲ್ಲಿ ಕೇಳಿದರೆ ಹೌದು ನಾನೇ ಕೊಂದೆ ಅಂತೀನಿ ಎಂದು ಹಟ ಹಿಡಿದಿದ್ದ. ಅವರ ತಾಯಿ ಹುಲಿಗೆಮ್ಮ ನಮ್ಮ ಕಾಲಿಗೆ ಬಿದ್ದಿದ್ದು ಅದಕ್ಕೇ. ಒಬ್ಬ ಮಗ ಹೊಳೆಪಾಲಾದ, ಇನ್ನೊಬ್ಬ ಹಗ್ಗದ ಪಾಲಾಗುವುದು ಬ್ಯಾಡ್ರಿ ಎಂದು ಆಕೆ ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಇವತ್ತು ಶನಿವಾರ.

ಉಜ್ಜನಪ್ಪನವರು ನನ್ನನ್ನು ಹತ್ತಿರ ಕರೆದು ಗುಡ್ಡೆಯ ಹಿಂಬದಿಯನ್ನು ತೋರಿಸಿದರು.

ಸೊಪ್ಪಿನಮ್ಮನಿಗೆ ಗುಡಿಯಿಲ್ಲ, ಗೋಪುರವಿಲ್ಲ. ಕಾಲುದಾರಿ ಮತ್ತಿ ಮರದ ಬುಡದಲ್ಲಿ ತಿರುಗುವ ಕಡೆ ಒಂದು ಕಲ್ಲು, ಕಲ್ಲಿನ ಸುತ್ತ ಎದೆಯುದ್ದ ಸೊಪ್ಪಿನ ರಾಶಿ, ಅಷ್ಟೇ. ಈ ದಾರಿಯಲ್ಲಿ ಹೋಗುವವರು ಕೈಗೆ ಸಿಕ್ಕ ಗಿಡದಿಂದ ಒಂದು ಕುಡಿ ಮುರಿದು ಹಾಕಿ, ಕೈ ಮುಗಿದು ಮುಂದೆ ಹೋಗಬೇಕು. ಹಾಕಿದ್ದನ್ನು ಯಾರೂ ತೆಗೆಯುವಂತಿಲ್ಲ, ಕಾಲಿನಿಂದ ಸೋಕುವಂತಿಲ್ಲ. ದನಕರು ಕೂಡ ಅದರ ತಂಟೆಗೆ ಹೋಗುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಆಡುಗಳು ಆರಾಮವಾಗಿ ಮೇಯುವುದನ್ನು ನಾನೇ ನೋಡಿದ್ದೇನೆ, ಆದರೆ ಅದನ್ನು ನಮ್ಮವ್ವನಿಗೆ ಹೇಳಲು ಹೋಗಿರಲಿಲ್ಲ.

ರಾಶಿಯಲ್ಲಿ ಇದ್ದದ್ದೆಲ್ಲ ಈ ಕಾಡಿನದೇ ಸೊಪ್ಪು. ಹೊಂಗೆ, ತಂಗಡಿ, ಕಾರೆ, ಮತ್ತಿ. ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ನುಗ್ಗೆ. ಅದೂ ಒಂದಲ್ಲ. ಒಣಗಿ ಪುಡಿಯಾದ ಕಡ್ಡಿ, ಹಳದಿಗೆ ತಿರುಗಿದ ಕಡ್ಡಿ, ಬಾಡಿದರೂ ಇನ್ನೂ ಹಸಿರಾಗಿದ್ದ ಕಡ್ಡಿ.

ಯಾರೋ ಮನೆಯ ಹಿತ್ತಲಿಂದ ಸೊಪ್ಪು ತಂದು ಹಾಕುತ್ತಿದ್ದಾರೆ ಎಂದು ಉಜ್ಜನಪ್ಪನವರು ಹೇಳಿದರು. ಒಂದು ಸಲವಲ್ಲ, ಮೇಲಿಂದ ಮೇಲೆ. ಎಲ್ಲರೂ ದಾರಿಯ ಕಡೆಯಿಂದ ಹಾಕಿದರೆ ಇವರು ಹಿಂದೆ ಬಂದು ಹಾಕುತ್ತಾರೆ. ಯಾಕೆ ಎಂದು ನನ್ನನ್ನೇ ಕೇಳಿದರು. ಹರಕೆ ಇರಬಹುದು ಎಂದೆ. ಇರಬಹುದು, ತೆಗೆದು ನೋಡೋಣ ಎಂದರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪಂಕ್ಚರ್ ಹಾಕಿ ಬದುಕುವವನಿಗೆ ದೇವರ ಜೊತೆ ತಕರಾರು ಯಾಕೆ ಬೇಕು? ಉಜ್ಜನಪ್ಪನವರು ನನ್ನ ಮುಖ ನೋಡಿ, ಒಂದು ಹೊಂಗೆ ಕುಡಿ ಮುರಿದು ಕಲ್ಲಿನ ಮೇಲಿಟ್ಟು, ತಾಯಿ, ಇದು ನಿನ್ನ ಮಕ್ಕಳದೇ ಕೆಲಸ, ಮನಸ್ಸಿಗೆ ಹಚ್ಚಿಕೋಬ್ಯಾಡ ಎಂದು ಕೈ ಮುಗಿದರು. ನನ್ನಿಂದಲೂ ಒಂದು ಕುಡಿ ಹಾಕಿಸಿದರು. ಆಮೇಲೆ ನುಗ್ಗೆ ಕಡ್ಡಿಗಳನ್ನು ನಾಜೂಕಾಗಿ ಪಕ್ಕಕ್ಕಿಟ್ಟು ಒಳಗೆ ಕೈ ಹಾಕಿದರು.

ಅಡಿಯಲ್ಲಿ ಒಂದು ಚಪ್ಪಡಿ. ಅದನ್ನು ಸರಿಸಿದರೆ ಗುಳಿ. ಗುಳಿಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ.

ಒಡವೆಯೋ, ಚೂರಿಯೋ, ಇನ್ನೇನೋ ಎಂದುಕೊಂಡಿದ್ದೆ. ಡಬ್ಬಿಯಲ್ಲಿ ಇದ್ದದ್ದು ಒಗೆದು ಮಡಿಚಿದ ಒಂದು ಬುತ್ತಿ ಬಟ್ಟೆ, ಅದರ ಮೇಲೆ ಒಂದು ಬೊಗಸೆ ಬಾರೆ ಹಣ್ಣು. ಮೂಲೆಗಳಲ್ಲಿ ಜೋಳದ ರೊಟ್ಟಿಯ ಚೂರು, ಮುಚ್ಚಳಕ್ಕೆ ಮೆತ್ತಿದ ಶೇಂಗಾ ಚಟ್ನಿಪುಡಿ. ಚೀಟಿಯಿಲ್ಲ, ಅಕ್ಷರವಿಲ್ಲ.

ಉಜ್ಜನಪ್ಪನವರು ಚಟ್ನಿಪುಡಿಯನ್ನು ಬೆರಳಿಗೆ ಹಚ್ಚಿ ಮೂಸಿದರು. ಮನೆಯಿಂದ ಒಬ್ಬರು ರೊಟ್ಟಿ ತಂದಿಡುತ್ತಾರೆ, ಕಾಡಿನಿಂದ ಇನ್ನೊಬ್ಬರು ಬಂದು ತಿಂದು, ಬಟ್ಟೆ ಒಗೆದು, ಹಣ್ಣು ಇಟ್ಟು ಹೋಗುತ್ತಾರೆ.

"ಓದು ಬರಹ ಬಾರದೋರ ಅಂಚೆ ಡಬ್ಬಿ ಇದು, ಮಾರಣ್ಣ," ಎಂದರು. "ಇಲ್ಲಿಂದ ಊಟ ಹೋಗ್ತೈತೆ, ಅಲ್ಲಿಂದ ಚೆನ್ನಾಗಿದೀನಿ ಅಂತ ಉತ್ತರ ಬರ್ತೈತೆ."

ನನಗೆ ಹೊಳೆದದ್ದು ಆಗ. ಹುಲಿಗೆಮ್ಮನ ಹಿತ್ತಲಲ್ಲಿ ನುಗ್ಗೆ ಮರವಿತ್ತು. ಹೋದ ವಾರ ಅದರ ನೆರಳಲ್ಲೇ ಕೂತು ಆಕೆಯ ಗೋಳು ಕೇಳಿದ್ದೆವು. ಅಂದರೆ ಗೋಣೆಪ್ಪ ಬದುಕಿದ್ದಾನೆ. ಸತ್ತವನು ಬಟ್ಟೆ ಒಗೆದಿಡುವುದಿಲ್ಲ. ನನಗೆ ಕಾಲಿನ ಮುಳ್ಳು, ನಡೆದ ದಣಿವು ಎಲ್ಲ ಮರೆತುಹೋಯಿತು. ಈಗಲೇ ಓಡಿಹೋಗಿ ಹುಲಿಗೆಮ್ಮನಿಗೆ ಹೇಳೋಣ ಎಂದೆ.

ಅವರು ತಲೆಯಾಡಿಸಿದರು. ರೊಟ್ಟಿ ತರುವವರು ಹುಲಿಗೆಮ್ಮನೇ ಆಗಿದ್ದರೆ? ಆ ಮನೆಯಲ್ಲಿ ಇರುವವರು ಅತ್ತೆ ಸೊಸೆ ಇಬ್ಬರೇ. ಅತ್ತೆ ಅತ್ತದ್ದು ನಾಟಕವೋ, ಸೊಸೆ ಅಳದೇ ಇದ್ದದ್ದು ನಾಟಕವೋ ಎಂದು ನೋಡಬೇಕಲ್ಲ ಎಂದರು.

ಮುದುಕಿಯ ಮಂಡಿ ಅವತ್ತು ನಮ್ಮನ್ನು ಹೊಸಲಿನವರೆಗೆ ಕಳಿಸಲೂ ಬಿಟ್ಟಿರಲಿಲ್ಲ. ಒಂದು ಹರದಾರಿ ನಡೆದು ಇಲ್ಲಿಗೆ ಬರುವ ಪೈಕಿ ಅಲ್ಲ. ಉಳಿದವಳು ಗೋಣೆಪ್ಪನ ಹೆಂಡತಿ ದುರುಗಮ್ಮ. ಗಂಡ ಸತ್ತನೆಂದು ಊರೆಲ್ಲ ಹೇಳಿದರೂ ಆಕೆ ಬಳೆ ಒಡೆದುಕೊಂಡಿರಲಿಲ್ಲ, ಕುಂಕುಮ ಅಳಿಸಿರಲಿಲ್ಲ. ಹೆಣ ಸಿಗುವ ತನಕ ನಾನು ಮುತ್ತೈದೆಯೇ ಎಂದು ಅತ್ತೆಗೆ ಎದುರು ನಿಂತಿದ್ದಳಂತೆ. ಶನಿವಾರ ಶನಿವಾರ ದೇವರಿಗೆಂದು ಎಲ್ಲೋ ಹೋಗುತ್ತಾಳೆ, ಯಾವ ದೇವರೋ ಏನೋ ಎಂದು ಹುಲಿಗೆಮ್ಮ ಗೊಣಗಿದ್ದು ನನಗೂ ನೆನಪಾಯಿತು.

ಎಲ್ಲವನ್ನೂ ಇದ್ದ ಹಾಗೆ ಇಟ್ಟು, ಕಾರೆ ಪೊದೆಯ ಮರೆಯಲ್ಲಿ ಟವಲ್ ಹಾಸಿಕೊಂಡು ಕೂತೆವು. ಉಜ್ಜನಪ್ಪನವರ ಚೀಲದಿಂದ ಮಂಡಕ್ಕಿ ಹೊರಬಂತು, ಜೊತೆಗೆ ತಣ್ಣಗಾದ ಮೆಣಸಿನಕಾಯಿ ಬಜ್ಜಿ, ಗಡಿಗೆಯಲ್ಲಿ ಮಜ್ಜಿಗೆ. ಮಾಘದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಕೆಳಗೆ ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಮೊದಲಾಗಿದ್ದರೆ ಆಚೆ ದಡ ಬೊಂಬಾಯಿ ಸರ್ಕಾರದ್ದು, ಅಡಗಿದವನು ಹರಿಗೋಲು ಹತ್ತಿದರೆ ನಮ್ಮ ಕೈಗೆ ಸಿಗುತ್ತಿರಲಿಲ್ಲ, ಈಗ ಎರಡೂ ದಡ ಒಂದೇ ರಾಜ್ಯವಾದದ್ದು ಪೊಲೀಸರಿಗೆ ಎಷ್ಟು ಅನುಕೂಲ ಎಂದು ಅವರು ಮಂಡಕ್ಕಿ ಮುಕ್ಕುತ್ತಾ ವಿವರಿಸಿದರು. ನನಗೆ ರಾಜ್ಯದ ಚಿಂತೆಯಿರಲಿಲ್ಲ. ಒಂದು ಒಳ್ಳೆಯ ಕೆಲಸಕ್ಕೆ ಬಂದಿದ್ದೇವೆ, ಅದು ಕೈಗೂಡುತ್ತಿದೆ, ಹೊಟ್ಟೆಯೂ ತುಂಬಿದೆ. ನನಗೆ ನಿಜವಾಗಿ ಸುಖವಾಗಿತ್ತು.

ದುರುಗಮ್ಮ ಬಂದಾಗ ನೆರಳು ಇನ್ನೂ ಉದ್ದವಾಗಿರಲಿಲ್ಲ. ಬರಿಗಾಲು, ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ನುಗ್ಗೆ ಕುಡಿ. ದಾರಿಯ ಎರಡೂ ಕಡೆ ನೋಡಿ, ಗುಡ್ಡೆಯ ಹಿಂದೆ ಬಂದು, ಕುಡಿಯನ್ನು ಹಾಕಿ ಮೊದಲು ನೆಲಕ್ಕೆ ಹಣೆ ಹಚ್ಚಿದಳು. ಆಮೇಲೆ ಡಬ್ಬಿ ತೆಗೆದಳು. ಬಾರೆ ಹಣ್ಣು ನೋಡಿದವಳು ಅಲ್ಲೇ ಕೂತು ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆ ಮುಖ ನೋಡಿ ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಉಜ್ಜನಪ್ಪನವರೂ ಆಕೆ ಎರಡನೆಯ ಹಣ್ಣು ತಿನ್ನುವವರೆಗೆ ತಡೆದರು.

ನಮ್ಮನ್ನು ಕಂಡು ಆಕೆ ಕಿರುಚಲಿಲ್ಲ. ಡಬ್ಬಿಯನ್ನು ಸೆರಗಿನಡಿ ಎಳೆದುಕೊಂಡು ಗಟ್ಟಿಯಾಗಿ ಕೂತಳು. ಉಜ್ಜನಪ್ಪನವರು ಅವಳ ಎದುರು ನೆಲದ ಮೇಲೇ ಕೂತರು.

"ನಿನ್ನ ಗಂಡ ಬದುಕ್ಯಾನೆ, ಅಲ್ವೇನು ತಾಯಿ?"

"ದೀಪ ಮುಟ್ಟಿ ಆಣೆ ಮಾಡೀನಿ. ನಾ ಏನೂ ಹೇಳಂಗಿಲ್ರಿ."

ಹಾಗಾದರೆ ನೀನು ಹೇಳಬೇಡ, ನಾನು ಹೇಳುತ್ತೇನೆ ಎಂದು ಅವರು ನುಗ್ಗೆ ಕಡ್ಡಿಯಿಂದ ಶುರುಮಾಡಿ ಬಾರೆ ಹಣ್ಣಿನವರೆಗೆ ಹೇಳಿದರು. ನುಗ್ಗೆಯ ಮಾತು ಬಂದಾಗ ಆಕೆ ನಾಲಿಗೆ ಕಚ್ಚಿಕೊಂಡಳು. ದೇವಿಯ ಹತ್ತಿರ ಬರಿಗೈಯಲ್ಲಿ ಬರುವಂತಿಲ್ಲ, ದಾರಿಯಲ್ಲಿ ಸೊಪ್ಪು ಮುರಿಯುತ್ತ ನಿಂತರೆ ಯಾರ ಕಣ್ಣಿಗಾದರೂ ಬೀಳುತ್ತೇನೆ ಎಂದು ಮನೆಯಿಂದಲೇ ತರುತ್ತಿದ್ದಳಂತೆ. ಗುಟ್ಟು ಮುಚ್ಚಲು ಹೋಗಿ ಗುಟ್ಟಿನ ಮೇಲೇ ಗುರುತು ಹಾಕಿದ್ದಳು. ಸೊಪ್ಪು ಹಾಕದೆ ಹೋಗಿದ್ದರೆ ನಮಗೆ ಏನೂ ಸಿಗುತ್ತಿರಲಿಲ್ಲ, ಆದರೆ ಅಂಥದ್ದು ಆಕೆಯ ಕೈಲಿ ಆಗುವ ಮಾತಲ್ಲ.

ಅಷ್ಟಾದರೂ ಗಂಡನ ವಿಷಯಕ್ಕೆ ಬಾಯಿ ಬಿಡಲಿಲ್ಲ. ಮೈದುನ ಲಾಕಪ್ಪಿನಲ್ಲಿ ಇದ್ದಾನಲ್ಲ, ನಿನಗೆ ಕನಿಕರ ಇಲ್ಲವೇ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ಒಳಗಿದ್ರೇನಾತು, ಜೀವ ಐತಲ್ಲ," ಎಂದಳು ದುರುಗಮ್ಮ. "ಯುಗಾದಿಗೆ ಅವ್ರು ಬರ್ತಾರೆ. ಆಗ ಬಿಡ್ತಾರೆ."

ಉಜ್ಜನಪ್ಪನವರು ಆಗ ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ, ಸೋಮವಾರದ ಸಂಗತಿ ಹೇಳಿದರು. ಕಲ್ಲಪ್ಪ ಕೊಲೆ ಒಪ್ಪಿಕೊಳ್ಳಲು ಕೂತಿದ್ದಾನೆ, ಒಪ್ಪಿಕೊಂಡ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ, ಕೊಲೆಗೆ ಸರ್ಕಾರ ಕೊಡುವ ಶಿಕ್ಷೆ ಯಾವುದೆಂದು ನಿನಗೂ ಗೊತ್ತು ಎಂದರು. ಆಕೆಗೆ ಇದಾವುದೂ ಗೊತ್ತಿರಲಿಲ್ಲ. ಸೆರಗಿನಡಿಯ ಡಬ್ಬಿಯನ್ನು ತೆಗೆದು ಅವರ ಮುಂದಿಟ್ಟಳು.

"ಆತನ್ನ ಉಳಿಸಾಕೇ ಇದೆಲ್ಲ ಮಾಡಿದ್ದು ಸಾಹೇಬ್ರ," ಎಂದಳು.

ಕೇಳುತ್ತ ಕೇಳುತ್ತ ನಾನು ನಗಬೇಕೋ ಅಳಬೇಕೋ ತಿಳಿಯದಾದೆ. ಸಂತೆಯಲ್ಲಿ ಶಾಸ್ತ್ರ ಹೇಳುವವನೊಬ್ಬ ಗೋಣೆಪ್ಪನ ಕೈ ನೋಡಿ, ಅಣ್ಣ ತಮ್ಮ ಒಂದೇ ಸೂರಿನ ಕೆಳಗೆ ಈ ಯುಗಾದಿ ಕಂಡರೆ ಕಿರಿಯವನು ಉಳಿಯುವುದಿಲ್ಲ ಎಂದಿದ್ದನಂತೆ. ನೀನು ಮಿಲ್ಲಿನ ಹತ್ತಿರವೇ ಮನೆ ಮಾಡು ಎಂದು ಗೋಣೆಪ್ಪ ದಾರಿಯುದ್ದಕ್ಕೂ ತಮ್ಮನಿಗೆ ಹೇಳಿದ. ಯಾಕೆಂದು ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ಕಂಟಕ ಅಲ್ಲೇ ತಟ್ಟುತ್ತದೆ. ಅಣ್ಣ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಾನೆ ಎಂದು ಕಲ್ಲಪ್ಪ ಸಿಟ್ಟು ಮಾಡಿಕೊಂಡು ಹಿಂದಕ್ಕೆ ತಿರುಗಿದ. ಊರವರು ಕೇಳಿದ ಜಗಳ ಅದೇ.

ಆಮೇಲೆ ಗೋಣೆಪ್ಪ ತಾನೇ ಸತ್ತ ಹಾಗೆ ತೋರಿಸಿ ಕಂಟಕದ ಕಣ್ಣಿಗೆ ಮಣ್ಣೆರಚಲು ಹೊರಟ. ಶಾಸ್ತ್ರದವನು ಹೇಳಿಕೊಟ್ಟ ಪರಿಹಾರವೇ ಅದು. ಕೋಳಿಯ ರಕ್ತ ಹಚ್ಚಿದ ಕಂಬಳಿಯನ್ನು ಹೊಳೆದಂಡೆಯಲ್ಲಿ ಬಿಟ್ಟು, ಯುಗಾದಿ ಕಳೆಯುವ ತನಕ ಮನೆಯವರ ಮುಖ ನೋಡದೆ ಇರಬೇಕು. ತಮ್ಮ ಮಾತು ಕೇಳದಿದ್ದರೆ ಹೀಗೆ ಮಾಡುತ್ತೇನೆಂದು ಹೆಂಡತಿಗೆ ಮಾತ್ರ ಮುಂಚೆಯೇ ಹೇಳಿ, ದೀಪದ ಆಣೆ ಹಾಕಿಸಿ, ಸೊಪ್ಪಿನಮ್ಮನ ಹಿಂದೆ ಡಬ್ಬಿ ಹೂತಿಟ್ಟು ಹೋಗಿದ್ದ. ತಮ್ಮನನ್ನು ಸಾವಿನಿಂದ ಬಿಡಿಸಲು ಹೋದವನು ಅವನನ್ನು ನೇರ ನೇಣಿನ ಹತ್ತಿರ ತಂದು ನಿಲ್ಲಿಸಿದ್ದ. ತಮ್ಮನೋ ಅಣ್ಣನ ಮೇಲಿನ ಪ್ರೀತಿಗೆ ಮಾಡದ ಕೊಲೆ ಒಪ್ಪಲು ಸಿದ್ಧನಾಗಿದ್ದ. ಇಂಥ ಅಣ್ಣತಮ್ಮಂದಿರನ್ನು ನಾನು ಕಂಡಿರಲಿಲ್ಲ, ಇಬ್ಬರಿಗೂ ಒಂದೊಂದು ಬಿಗಿಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು.

ಗೋಣೆಪ್ಪ ಎಲ್ಲಿ ಮಲಗುತ್ತಾನೆ, ಎಲ್ಲಿ ಇರುತ್ತಾನೆ ಎಂಬುದು ದುರುಗಮ್ಮನಿಗೂ ಗೊತ್ತಿರಲಿಲ್ಲ. ಆಕೆ ರೊಟ್ಟಿ ಇಟ್ಟು ಹೋದ ಮೇಲೆ ಬರುತ್ತಾನೆ, ಅಷ್ಟೇ. ಅಂದರೆ ಇವತ್ತೂ ಬರುತ್ತಾನೆ.

ಉಪಾಯ ಬಹಳ ಸುಲಭದ್ದಾಗಿತ್ತು. ರೊಟ್ಟಿಯನ್ನು ಡಬ್ಬಿಯಲ್ಲಿ ಇಡುವುದು, ಗೋಣೆಪ್ಪ ಬಂದು ಡಬ್ಬಿ ಮುಟ್ಟಿದ ಕೂಡಲೇ ನಾವು ಎದ್ದು ಹೋಗಿ ಸಮಾಧಾನದಿಂದ ತಿಳಿಹೇಳುವುದು, ಸೋಮವಾರ ಅವನನ್ನೇ ಕೋರ್ಟಿನ ಬಾಗಿಲಿಗೆ ಕರೆದುಕೊಂಡು ಹೋಗುವುದು. ಸತ್ತವನೇ ಬಂದು ನಿಂತರೆ ಕೊಲೆಯ ಮಾತೆಲ್ಲಿ?

ದುರುಗಮ್ಮ ಒಪ್ಪಿದಳು. ಒಂದೇ ಷರತ್ತು, ತಾನು ಗಂಡನ ಮುಖ ನೋಡುವುದಿಲ್ಲ. ಯುಗಾದಿಯ ತನಕ ನೋಡಬಾರದು. ತಮ್ಮನ ಜೀವ ಉಳಿಸಲು ಅವನು ಬಂದರೆ ಬರಲಿ, ಆದರೆ ಕಟ್ಟಳೆ ಮುರಿದ ಪಾಪ ತನಗೆ ಬೇಡ ಎಂದಳು. ಆಗಲಿ ಎಂದು ಉಜ್ಜನಪ್ಪನವರು ಆಕೆಯನ್ನು ಪೊದೆಯ ಮರೆಗೆ ಕರೆದು ತಂದರು. ಆಕೆ ದಾರಿಗೆ ಬೆನ್ನು ಹಾಕಿ, ಸೆರಗು ಎಳೆದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಹೆಬ್ಬೆರಳನ್ನು ಎಂಜಲಿನಲ್ಲಿ ಅದ್ದಿ ಹಣೆಯ ಕುಂಕುಮ ಸರಿಮಾಡಿಕೊಂಡಳು. ಮುಖ ನೋಡುವುದಿಲ್ಲ ಎಂದವಳಿಗೆ ಕುಂಕುಮದ ಚಿಂತೆ ಯಾಕೋ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಕಾದೆವು. ನನಗೆ ತೂಕಡಿಕೆ ಬರತೊಡಗಿತ್ತು. ಉಜ್ಜನಪ್ಪನವರು ಮೊಣಕೈಯಿಂದ ತಿವಿದರು.

ಹೊಳೆಯ ಕಡೆಯಿಂದ ಒಬ್ಬ ಗಂಡಸು ಬರುತ್ತಿದ್ದ. ಕಪ್ಪು ಬಣ್ಣ, ಗಿಡ್ಡ ಗಟ್ಟಿ ಮೈ, ದಪ್ಪ ಮೀಸೆ. ನಾವಿಬ್ಬರೂ ಗೋಣೆಪ್ಪನನ್ನು ಕಂಡವರಲ್ಲ, ಹುಲಿಗೆಮ್ಮ ಹೇಳಿದ ಚಹರೆ ಮಾತ್ರ ಗೊತ್ತಿತ್ತು. ಅದು ಇದೇ. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು ಕೂಗಿಬಿಡುತ್ತಿದ್ದೆನೋ ಏನೋ, ಉಜ್ಜನಪ್ಪನವರ ಕೈ ನನ್ನ ಭುಜದ ಮೇಲಿತ್ತು.

ದುರುಗಮ್ಮ ತಿರುಗಲಿಲ್ಲ. ಹೆಜ್ಜೆಯ ಸದ್ದು ಅವಳಿಗೂ ಕೇಳಿತ್ತು. ಸೆರಗಿನೊಳಗಿಂದಲೇ ಪಿಸುದನಿಯಲ್ಲಿ ಕೇಳಿದಳು.

"ಸೊರಗ್ಯಾರೇನ್ರಿ?"

ಇಲ್ಲ ತಾಯಿ, ಚೆನ್ನಾಗಿದ್ದಾನೆ, ಮೈಕೈ ತುಂಬಿಕೊಂಡೇ ಇದ್ದಾನೆ ಎಂದೆ. ಆಕೆಯ ಬೆನ್ನು ಸಡಿಲವಾದದ್ದು ನನಗೆ ಕಂಡಿತು.

ಅವನು ನೇರವಾಗಿ ಗುಡ್ಡೆಯ ಹಿಂದಕ್ಕೆ ಬಂದ. ಹುಡುಕಲಿಲ್ಲ, ಆಕಡೆ ಈಕಡೆ ನೋಡಲಿಲ್ಲ. ಎಷ್ಟೋ ಸಲ ಮಾಡಿ ರೂಢಿಯಾದವರ ಹಾಗೆ ನುಗ್ಗೆ ಕುಡಿಯನ್ನು ಕಾಲಿನಿಂದ ಸರಿಸಿ ಡಬ್ಬಿ ಎತ್ತಿದ. ನಮ್ಮ ಕಡೆ ಬೆನ್ನು ಮಾಡಿ ಕೂತು ರೊಟ್ಟಿ ಮುರಿಯತೊಡಗಿದ.

ನಾನು ಉಜ್ಜನಪ್ಪನವರನ್ನು ನೋಡಿದೆ. ಅವರ ಮುಖದ ನಗು ಹೋಗಿತ್ತು. ದೇವಿಯ ಸೊಪ್ಪನ್ನು ಸರಿಸಿದ ಅವನ ಕಾಲನ್ನೇ ನೋಡುತ್ತಿದ್ದರು. ಆಮೇಲೆ ದುರುಗಮ್ಮನ ಕಿವಿಯ ಹತ್ತಿರ ಬಗ್ಗಿ, ಒಂದು ಸಲ ತಿರುಗಿ ನೋಡು ಎಂದರು. ಆಕೆ ಬೇಡವೆಂದು ತಲೆಯಾಡಿಸಿದಳು. ಕಲ್ಲಪ್ಪನ ಜೀವದ ಆಣೆ, ನೋಡು ಎಂದರು.

ದುರುಗಮ್ಮ ಸೆರಗು ಸರಿಸಿ, ತಿರುಗಿ, ಕಾರೆ ಗಿಡದ ಸಂದಿನಿಂದ ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ಒಮ್ಮೆ ಪಕ್ಕಕ್ಕೆ ಹೊರಳಿ ಉಗುಳಿದಾಗ ಮುಖವೂ ಸರಿಯಾಗಿ ಕಂಡಿತು.

"ಇವ್ರಲ್ಲ," ಎಂದಳು.

ಮತ್ತೆ ಯಾರು ಎಂದು ಉಜ್ಜನಪ್ಪನವರು ತುಟಿಯಲ್ಲೇ ಕೇಳಿದರು.

"ಯಾರೋ ಗೊತ್ತಿಲ್ರಿ. ಈತನ್ನ ನಾ ಎಂದೂ ನೋಡಿಲ್ಲ." ಆಕೆ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಬಳೆಗಳು ಮಾಂಸಕ್ಕೆ ಒತ್ತಿದವು. "ಅಂಗಿ ಮಾತ್ರ ನಮ್ಮನೆಯವ್ರದು. ಬೆನ್ನಿನ ಮ್ಯಾಗಳ ತೇಪೆ ನಾನೇ ಹಾಕಿದ್ದು."